ಕೇಳಿ ಒಯ್ಯಿರಿ

ಹದಿನಾಲ್ಕನೆಯ ದಿನ ಬೆಳಿಗ್ಗೆ ಐದೂವರೆಗೆ ನಳ ಬಂತು. ರಾಯಚೂರಿನ ನಮ್ಮ ಓಣಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ನಾನು ಎದ್ದು ಕೊಡ ಹಿಡಿದು ಹೊರಗೆ ಬರುವಷ್ಟರಲ್ಲಿ ಎದುರುಮನೆಯ ದಾವಲ್ ಬೀ ನಮ್ಮ ಡ್ರಮ್ಮಿಗೆ ಪೈಪು ಇಳಿಬಿಟ್ಟಾಗಿತ್ತು. ಒಂದು ತಿಂಗಳಿನಿಂದ ಅವರೇ ತುಂಬುತ್ತಿದ್ದರು. ಇನ್ನು ನಾನೇ ತುಂಬಿಕೊಳ್ಳುತ್ತೇನೆ ಎಂದೆ.

"ಮುಂದಿನ ನಳಕ್ಕ ತುಂಬು ಬೇಟಾ. ಇವತ್ತ ಹೆಂಗೂ ನನ್ನ ಸೀರಿ ತೋಯ್ದದ" ಎಂದರು.

ಹಾಲಿನವನು ರೂಢಿಯಂತೆ ಎರಡು ಪಾಕೀಟು ಇಟ್ಟು ಹೋಗಿದ್ದ. ಒಂದನ್ನು ದಾವಲ್ ಬೀಗೆ ಕೊಟ್ಟೆ. ನೆಲ ಒರೆಸಿದೆ. ಹಿಂದಿನ ದಿನ ನನ್ನ ಗಂಡ ಗುರುಪ್ರಸನ್ನನ ವೈಕುಂಠ ಸಮಾರಾಧನೆ ಮುಗಿದಿತ್ತು. ಹದಿಮೂರು ದಿನ ಮನೆ ತುಂಬ ಜನ, ದರ್ಭೆ, ಎಳ್ಳು. ಇವತ್ತು ಬರೀ ಮನೆ. ಬಾಗಿಲ ಹಿಂದೆ ಅವನ ಸೈಕಲ್ಲು. ಅದಕ್ಕೆ ಒರಗಿಸಿಟ್ಟ ಗಾಳಿ ಹಾಕುವ ಕಬ್ಬಿಣದ ಪಂಪು. ಅದರ ಮೇಲೆ ಕೆಂಪು ಬಣ್ಣದಲ್ಲಿ ಅಚ್ಚುಕಟ್ಟಾದ ಅಕ್ಷರ: ಪ್ರಹ್ಲಾದಾಚಾರ್, ಮಾನ್ವಿ. ಕೇಳಿ ಒಯ್ಯಿರಿ.

ಪ್ರಹ್ಲಾದ ಕಾಕಾ ಗುರುವಿನ ತಂದೆಯ ತಮ್ಮ. ಮಾನ್ವಿಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಹನ್ನೊಂದನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಗುರುವನ್ನು ಅವರೇ ಸಾಕಿ ಓದಿಸಿದರು. ಅವರ ಮನೆಯ ಏಣಿ, ಹಾರೆ, ಛತ್ರಿ, ಹಿತ್ತಾಳೆಯ ದೊಡ್ಡ ಕೊಳಗ, ಎಲ್ಲದರ ಮೇಲೂ ಇದೇ ಕೆಂಪು ಅಕ್ಷರ. ಯಾರು ಏನು ಕೇಳಿದರೂ ಕೊಡುತ್ತಾರೆ. ವಾಪಸು ಯಾವಾಗ ಎಂದು ಕೇಳುವುದಿಲ್ಲ. ಮೊದಲು ಕೇಳಬೇಕು, ಅಷ್ಟೇ.

ಒಂಬತ್ತಕ್ಕೆ ಫೋನ್ ಬಂತು. ಸೈಬರ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಶಶಿಕಲಾ.

"ಅಕ್ಕಾರ, ಕಾರ್ಯ ಎಲ್ಲಾ ಮುಗದ್ವೇನ್ರಿ? ಅದು ಮುಗೀಲಿ ಅಂತ ನಾನಽ ತಡದಿದ್ದೆ."

ನಿಮ್ಮ ಮನೆಯವರ ನಂಬರಿನ ಬಗ್ಗೆ ಒಂದು ಹೇಳಿಕೆ ಬೇಕು, ಶುಕ್ರವಾರದೊಳಗೆ ಬನ್ನಿ, ಒಬ್ಬರೇ ಬರಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ ಎಂದರು. ಅವರು ತಡೆದ ಆ ದಿನಗಳಿಗೆ ನಾನು ಇವತ್ತಿಗೂ ಋಣಿ.

ದೂರು ಕೊಟ್ಟವರು ಪ್ರಹ್ಲಾದ ಕಾಕಾ. ಯಾರೋ ಅವರ ಕ್ರೆಡಿಟ್ ಕಾರ್ಡನ್ನು ಅನುಮತಿಯಿಲ್ಲದೆ ಮೂರು ಸಲ ಬಳಸಿದ್ದರು. ದುಡ್ಡು ಹೈದರಾಬಾದಿನ ಒಂದು ಔಷಧ ಏಜೆನ್ಸಿಗೆ ಹೋಗಿದೆ ಎಂದು ಆಮೇಲೆ ಪತ್ತೆಯಾಯಿತು. ದೂರಿನಲ್ಲಿ ಇದ್ದದ್ದು 'ಅಪರಿಚಿತ ವ್ಯಕ್ತಿ'. ಹುಡುಕುತ್ತ ಹೋದ ಪೊಲೀಸರಿಗೆ ಸಿಕ್ಕದ್ದು ಗುರುಪ್ರಸನ್ನನ ಮೊಬೈಲ್ ನಂಬರು. ಈಗ ಎಲ್ಲರೂ ಅವನೇ ಮಾಡಿದ ಎಂದುಕೊಂಡಿದ್ದರು.

ಮಾಡಿದವಳು ನಾನು.

ಕಾಕಾ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರೆ. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಪೂಜೆಗೆ ಕೂತರೆ ಹನ್ನೊಂದಕ್ಕೆ ನೈವೇದ್ಯವಾಗುವವರೆಗೆ ಫೋನು, ಪಾಕೀಟು, ಮನುಷ್ಯರು, ಯಾವುದನ್ನೂ ಮುಟ್ಟುವುದಿಲ್ಲ. ಬ್ಯಾಂಕಿನವರು ಕಾರ್ಡು ಕೊಡುವಾಗ ಮೊಬೈಲ್ ನಂಬರು ಕೇಳಿದರಂತೆ. ಕಾಕಾ ಗುರುವಿನ ನಂಬರು ಬರೆಸಿದರು. ಮೆಸೇಜು ಬೆಳಿಗ್ಗೆ ಬಂದರೆ ತಾವು ಮುಟ್ಟುವಂತಿಲ್ಲ, ಮಡಿಯಲ್ಲಿಲ್ಲದವನು ನೋಡಿಕೊಳ್ಳಲಿ ಎಂದು. ಕೌಂಟರಿನ ಹುಡುಗಿ ಸ್ವಂತ ನಂಬರೇ ಕೊಡಿ ಎಂದಳಂತೆ. ಅವನು ಬೇರೆಯಲ್ಲ ಎಂದು ಕಾಕಾ ಸಹಿ ಮಾಡಿದರು.

ಅಂದಿನಿಂದ ಅವರ ಕರೆಂಟ್ ಬಿಲ್ಲು, ಯಾತ್ರೆಯ ರೈಲು ಟಿಕೀಟು ಎಲ್ಲ ಗುರುವೇ ಮಾಡುತ್ತಿದ್ದ. ಕಾರ್ಡಿನ ಎರಡೂ ಬದಿಯ ಫೋಟೋ ಅವನ ಫೋನಿನಲ್ಲಿತ್ತು. ಆದರೆ ಪ್ರತಿ ಸಲವೂ ಹನ್ನೊಂದರವರೆಗೆ ಕಾದು, ಕಾಕಾಗೆ ಫೋನ್ ಮಾಡಿ ಕೇಳಿ, ಆಮೇಲೆ ಒತ್ತುತ್ತಿದ್ದ. ಎಪ್ಪತ್ತು ರೂಪಾಯಿಯ ರೀಚಾರ್ಜ್ ಆದರೂ ಅಷ್ಟೇ. ನಾನು ನಗುತ್ತಿದ್ದೆ.

ಅವನಿಗೆ ಬಂದದ್ದು ನರಗಳ ಕಾಯಿಲೆ. ಭಾನುವಾರ ಪಾದ ಜುಮ್ಮೆಂದಿತು. ಮಂಗಳವಾರ ನಿಲ್ಲಲಾಗಲಿಲ್ಲ, ಆಸ್ಪತ್ರೆಗೆ ಸೇರಿಸಿದೆ. ಬುಧವಾರ ಕೈಗೆ ಬಂತು. ಶಾಲೆಯಲ್ಲಿ ಗಣಿತ ಕಲಿಸುವವನ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. ಐದು ದಿನ ಇಂಜೆಕ್ಷನ್ ಕೊಡಬೇಕು, ಇಲ್ಲಿ ಸಿಗುವುದಿಲ್ಲ, ಹೈದರಾಬಾದಿನಿಂದ ತರಿಸಬೇಕು ಎಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಎಂಟರೊಳಗೆ ದುಡ್ಡು ಕಟ್ಟಿದರೆ ಹತ್ತರ ಬಸ್ಸಿಗೆ ಪಾರ್ಸಲ್. ಮೊದಲೆರಡು ದಿನಕ್ಕೆ ನಮ್ಮಲ್ಲಿದ್ದದ್ದೆಲ್ಲ ಹೋಯಿತು.

ಮೂರನೆಯ ದಿನ ಆರೂವರೆಗೆ ಕಾಕಾಗೆ ಫೋನ್ ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ನಾಲ್ಕು ಸಲ. ಆ ಫೋನು ಎಲ್ಲಿದೆ ಎಂದು ನನಗೆ ಕಾಣುತ್ತಿತ್ತು. ಪಡಸಾಲೆಯ ಮಣೆಯ ಮೇಲೆ. ಒಳಗೆ ಕಾಕಾ ಪೂಜೆಯಲ್ಲಿ, ತುಂಗಾಬಾಯಿ ಕಾಕು ಮಡಿ ಅಡುಗೆಯಲ್ಲಿ. ಇಬ್ಬರಿಗೂ ಕೇಳಿಸುತ್ತಿದೆ, ಇಬ್ಬರೂ ಮುಟ್ಟುವಂತಿಲ್ಲ. ಏಳೂ ಮುಕ್ಕಾಲಿಗೆ ಗುರುವಿನ ಫೋನ್ ತೆರೆದೆ. ಕಾರ್ಡಿನ ಫೋಟೋ ನೋಡಿ ಅಂಕಿ ಹಾಕಿದೆ. ಒಟಿಪಿ ಅದೇ ಫೋನಿಗೆ ಬಂತು. ಪಕ್ಕದಲ್ಲಿ ಅವನು ಮಲಗಿದ್ದ.

ಹನ್ನೊಂದೂವರೆಗೆ ಕಾಕಾ ತಾವಾಗಿ ಫೋನ್ ಮಾಡಿ, ನಾಲ್ಕು ಸಲ ಯಾಕೆ ಮಾಡಿದ್ದೆ ಎಂದು ಕೇಳಿದರು. ಗುರುವಿಗೆ ಸ್ವಲ್ಪ ಆರಾಮ ಇದೆ, ಅದನ್ನು ಹೇಳಲು ಎಂದೆ. ಯಾಕೆ ಹಾಗೆ ಹೇಳಿದೆನೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಔಷಧ ಬಸ್ಸಿನಲ್ಲಿತ್ತು. ಕೇಳದೆ ತೆಗೆದಾದ ಮೇಲೆ ಕೇಳುವುದು ಹೆಚ್ಚು ಕಷ್ಟ ಎಂದು ಅವತ್ತು ತಿಳಿಯಿತು. ಮೊದಲ ಸಲಕ್ಕೆ ಕಾರಣವಿತ್ತು. ಎರಡನೆಯ, ಮೂರನೆಯ ಸಲಕ್ಕೆ ಇರಲಿಲ್ಲ. ಆಗ ನಾನು ಫೋನ್ ಕೂಡ ಮಾಡಲಿಲ್ಲ.

ದುಡ್ಡು ಎಲ್ಲಿಂದ ಬಂತು ಎಂದು ಗುರು ಕೇಳಿದ. ನಾನು ದೇವದುರ್ಗದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಐದು ತಿಂಗಳ ಗೌರವಧನ ಬಾಕಿ ಇತ್ತು. ಅದು ಬಂತು ಎಂದೆ. ಅವನು ಬಹಳ ಹೊತ್ತು ನನ್ನನ್ನೇ ನೋಡಿ ನಕ್ಕ. ಬಂದ ನರ್ಸ್‌ಗೆಲ್ಲ ಹೇಳಿದ, ನನ್ನ ಹೆಂಡತಿಯ ಪಗಾರ ಆಗಿದೆ ಎಂದು.

ಆಸ್ಪತ್ರೆ ಸೇರಿದ ಹತ್ತನೆಯ ದಿನ ಕಾಕಾ ನೋಡಲು ಬಂದವರು ನನ್ನನ್ನು ಹೊರಗೆ ಕರೆದರು. ಬ್ಯಾಂಕಿನಿಂದ ತಿಂಗಳ ಕಾಗದ ಬಂತು, ತಮ್ಮ ಕಾರ್ಡಿಗೆ ಯಾರೋ ಕಳ್ಳರು ಕೈ ಹಾಕಿದ್ದಾರೆ, ಠಾಣೆಗೆ ದೂರು ಕೊಟ್ಟು ಬಂದೆ, ಗುರುವಿಗೆ ಹೇಳಬೇಡ, ಸುಮ್ಮನೆ ಚಿಂತೆ ಮಾಡುತ್ತಾನೆ ಎಂದರು. ಮೆಸೇಜು ಅವನ ಫೋನಿಗೇ ಬಂದಿರಬೇಕು, ಒಂದಿಷ್ಟು ನೋಡು ಎಂದರು. ಇಲ್ಲಿಗೆ ಬಂದಾಗಿನಿಂದ ಆ ಫೋನು ಬಂದ್ ಆಗಿದೆ ಎಂದೆ. ಅವರು ನಂಬಿದರು. ಒಳಗೆ ಹೋಗಿ ಗುರುವಿಗೆ ಚಮಚದಿಂದ ಗಂಜಿ ಉಣಿಸಿದರು.

ಇಪ್ಪತ್ತೆರಡನೆಯ ದಿನ ಕಾಯಿಲೆ ಉಸಿರಿಗೆ ಬಂತು. ಅವನು ಹೋದ.

ನಮಗೆ ಮಕ್ಕಳಿಲ್ಲ. ಕರ್ಮವೆಲ್ಲ ಕಾಕಾ ಮಾಡಿದರು. ಎಪ್ಪತ್ತೆರಡರ ವಯಸ್ಸಿನಲ್ಲಿ, ತಾವು ಸಾಕಿದ ಹುಡುಗನಿಗೆ. ಹನ್ನೆರಡನೆಯ ದಿನ ಅವರಿಗೆ ಠಾಣೆಯಿಂದ ಫೋನ್ ಬಂದಿತ್ತು. ಹದಿಮೂರರ ಊಟವಾಗಿ ಎಲ್ಲರೂ ಹೊರಟ ಮೇಲೆ, ಗೇಟಿನ ಹತ್ತಿರ ನಿಂತು ಹೇಳಿದರು.

"ಗುರುನ ನಂಬರಿನಿಂದಂತ ಆಗಿದ್ದು. ಪೊಲೀಸರು ಹೇಳಿದ್ರು."

ನಾನು ಗೇಟಿನ ಚಿಲಕ ಹಿಡಿದುಕೊಂಡೆ.

"ಕೇಳಬೇಕಿತ್ತವ್ವಾ ಅವ. ಕೇಳಿದ್ರ ನಾ ಒಲ್ಲೆ ಅಂತಿದ್ನೇನು?"

ಆಗಲೂ ನಾನು ಇದ್ದದ್ದನ್ನು ಹೇಳಲಿಲ್ಲ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಡಿಗೆ ಸಣ್ಣಗಾಗಿತ್ತು.

ಶಶಿಕಲಾ ಫೋನ್ ಮಾಡಿದ ದಿನವೇ ನಾನು ಓಣಿಯ ಕೊನೆಯಲ್ಲಿರುವ ವಕೀಲ ವಿರೂಪಣ್ಣನವರ ಹತ್ತಿರ ಹೋದೆ. ಠಾಣೆಯ ಫೋನಿನ ವಿಷಯ ಹೇಳಿ ಔಷಧದ ಬಿಲ್ಲುಗಳನ್ನು ಮುಂದಿಟ್ಟೆ. ಅವರು ಪೂರ್ತಿ ಕೇಳುವ ಮೊದಲೇ ಕೈ ಎತ್ತಿದರು.

"ನೀ ಮಾಡೀಯೋ, ಅವ ಮಾಡ್ಯಾನೋ, ನನಗ ಹೇಳಬ್ಯಾಡ ತಂಗಿ. ನಂಬರ್ ಅವನ್ದು, ಬಿಲ್ ಅವನ ಹೆಸರಿಲೆ. ಸತ್ತವನ ಮ್ಯಾಲೆ ಕೇಸ್ ನಡಿಯಂಗಿಲ್ಲ. ನನಗೇನೂ ಗೊತ್ತಿಲ್ರಿ ಅಂತ ಒಂದು ಸಾಲು ಬರದು ಸಹಿ ಮಾಡು, ಮುಗೀತು."

ಬೇರೆ ಏನಾದರೂ ಹೇಳಿದರೆ, ಎಂದು ಕೇಳಿದೆ. ಆಗ ಆರೋಪಿ ನೀನು, ಮೂರು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ, ಕಾಲೇಜಿನ ಕೆಲಸವೂ ಹೋಗಬಹುದು ಎಂದರು. ಪೊಲೀಸ್ ದೂರನ್ನು ಕಾಕಾ ತಾವಾಗಿ ಹರಿದು ಬಿಸಾಡಲೂ ಬರುವುದಿಲ್ಲ ಎಂದರು. ಫೀಸು ಕೇಳಿದ್ದಕ್ಕೆ, ಗುರು ತಮ್ಮ ಮಗಳಿಗೆ ಎರಡು ವರ್ಷ ಲೆಕ್ಕ ಹೇಳಿಕೊಟ್ಟಿದ್ದಾನೆ, ಆಗ ಅವನು ಕೇಳಿದ್ದನೇ ಎಂದರು.

ಒಂದು ಸಾಲು. ಮನೆಗೆ ಬಂದು ಅದನ್ನು ಬರೆದೆ. ಚೆನ್ನಾಗಿಯೇ ಇತ್ತು. ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಹದಿನೈದನೆಯ ದಿನಕ್ಕೇ ಹೊರಗೆ ಹೊರಟಳೆಂದು ಓಣಿಯಲ್ಲಿ ಏನಾದರೂ ಅಂದಿರಬಹುದು, ನನಗೆ ಕೇಳಿಸಲಿಲ್ಲ. ಕಲ್ಮಲ ದಾಟಿದ ಮೇಲೆ ಎರಡೂ ಕಡೆ ಹತ್ತಿ ಬಿಡಿಸುತ್ತಿದ್ದರು. ಕೇಸಿನ ಸುದ್ದಿ ಕಾಲೇಜಿಗೆ ತಾನಾಗಿ ಹೋಗುವ ಮೊದಲು ನಾನೇ ಪ್ರಿನ್ಸಿಪಾಲರಿಗೆ ಹೇಳಬೇಕಿತ್ತು. ಏನು ಹೇಳಬೇಕೆಂದು ದಾರಿಯುದ್ದ ಕೂಡಿಸಿಕೊಂಡೆ: ನಮ್ಮವರ ನಂಬರಿನಿಂದ ಏನೋ ಆಗಿದೆಯಂತೆ ಸರ್, ನನಗೆ ಗೊತ್ತಿಲ್ಲ.

ಪ್ರಿನ್ಸಿಪಾಲ್ ಪಂಪಾಪತಿ ಅರಕೇರಾದವರು. ತಂದೆ ತಾಯಿ ಸುಗ್ಗಿ ಮುಗಿದ ಮೇಲೆ ಕೂಲಿಗೆ ಊರು ಬಿಟ್ಟು ಹೋದರೆ, ಇವರು ಅಜ್ಜಿಯ ಹತ್ತಿರ ಉಳಿದು ಓದಿದವರು. ಮಾತು ಕಡಿಮೆ. ನನ್ನನ್ನು ಕೂರಿಸಿ ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲು ಅವರೇ ಶುರು ಮಾಡಿದರು.

"ನಿಮ್ಮೆಜಮಾನ್ರನ್ನ ನೋಡಾಕ ಬಂದಿದ್ದೆ ಮೇಡಮ್. ನೀವು ಪಾರ್ಸಲ್ ತರಾಕ ಬಸ್ ಸ್ಟ್ಯಾಂಡಿಗೆ ಹೋಗಿದ್ರಿ."

ನನಗೆ ಗೊತ್ತಿರಲಿಲ್ಲ. ಗುರು ಹೇಳಿರಲಿಲ್ಲ. ಅಥವಾ ಹೇಳಿದ್ದನೇನೋ, ನಾನು ಕೇಳಿಸಿಕೊಂಡಿರಲಿಲ್ಲ.

"ಬಾಕಿ ಕೊಡಿಸಿದ್ರಿ ಸರ್, ಅದರಿಂದಲೇ ಔಷಧಿ ನಡದದ ಅಂದ್ರು. ಕೈ ಮುಗಿಯಾಕ ಹೋದ್ರು. ಕೈ ಏಳಲಿಲ್ಲ. ನಾನಽ ಅವ್ರ ಎರಡೂ ಕೈ ಹಿಡಕೊಂಡೆ."

ಪಂಪಾಪತಿ ಕಿಟಕಿಯ ಕಡೆ ನೋಡಿದರು.

"ಬಾಕಿ ಬಂದಿಲ್ಲಂತ ನನಗಿಂತ ಚಲೋ ಯಾರಿಗೆ ಗೊತ್ತು. ಆದ್ರ ನೀವು ಅವರಿಗೆ ಏನೋ ಹೇಳೀರಿ. ಅದನ್ನ ಕೆಡಿಸಬಾರದು ಅನ್ನಿಸ್ತು. ಹೂಂ ಅಂದು ಬಂದೆ."

ಚಹಾ ಆರುತ್ತಿತ್ತು. ಏಳದ ಆ ಎರಡು ಕೈಗಳ ಮೇಲೆ ನಾನು ಕಳ್ಳತನ ಹೊರಿಸಲು ಹೊರಟಿದ್ದೆ. ಪರ್ಸಿನಲ್ಲಿ ಸಾಲು ಬರೆದಿಟ್ಟುಕೊಂಡು. ಬಸ್ಸಿನಲ್ಲಿ ಕೂಡಿಸಿಕೊಂಡದ್ದನ್ನು ನಾನು ಹೇಳಲಿಲ್ಲ. ಇದ್ದದ್ದನ್ನು ಹೇಳಿದೆ. ಜೋರಾಗಿ ಹೇಳಿದ್ದು ಅದೇ ಮೊದಲು. ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಪಂಪಾಪತಿ ವೇಳಾಪಟ್ಟಿಯ ಹಾಳೆ ಎಳೆದುಕೊಂಡರು. "ನಾಳೆ ಠಾಣೆಗೆ ಹೋಗ್ರಿ. ನಿಮ್ಮ ಎರಡನೇ ಪೀರಿಯಡ್ ನಾ ತಗೋತೀನಿ. ಸೋಮವಾರದಿಂದ ನಿಮ್ದಽ."

ಕೆಲಸ ಹೋಗಬಹುದಲ್ಲ ಎಂದೆ. ಕೋರ್ಟು ಹೇಳಿದಾಗ ನೋಡೋಣ, ಅಲ್ಲಿಯವರೆಗೆ ಹುಡುಗರಿಗೆ ಪಾಠ ಬೇಕಲ್ಲ ಎಂದರು.

ಠಾಣೆಗೆ ನನ್ನ ಜೊತೆ ಬಂದದ್ದು ದಾವಲ್ ಬೀ. ಯಾಕೆ, ಏನು ಎಂದು ಕೇಳಲಿಲ್ಲ. ಬುರ್ಖಾ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಬೆಂಚಿನ ಮೇಲೆ ಗಟ್ಟಿಯಾಗಿ ಕೂತರು. ಬಂದು ಹೋಗುವ ಪೊಲೀಸರನ್ನೆಲ್ಲ ಮದುವೆ ಮನೆಯಲ್ಲಿ ಬೀಗರನ್ನು ನೋಡುವಂತೆ ನೋಡುತ್ತಿದ್ದರು.

ಶಶಿಕಲಾ ಮೇಜಿನ ಮೇಲೆ ಮೂರು ರಸೀದಿ ಇಟ್ಟರು. ಪಾರ್ಸಲ್ ಪಡೆದವರ ಸಹಿ: ವೇದಶ್ರೀ, ವೇದಶ್ರೀ, ವೇದಶ್ರೀ. ನನ್ನ ಅಕ್ಷರ ಚೆನ್ನಾಗಿದೆ.

"ಪಾರ್ಸಲ್ ತಂದಿದ್ದು ತಪ್ಪಲ್ರಿ ಅಕ್ಕಾರ. ಮನಿಯವರು ಹೇಳಿದ್ರು, ತಂದೆ ಅನ್ರಿ. ನಾ ಅಷ್ಟಽ ಬರಕೋತೀನಿ."

ಅವರು ನನಗಾಗಿ ಬಾಗಿಲು ತೆರೆದು ನಿಂತಿದ್ದರು. ಅದು ನನಗೆ ತಿಳಿಯಿತು. ಬಹುಶಃ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು.

"ಒತ್ತಿದ್ದು ನಾನು" ಎಂದೆ. "ಮೂರು ಸಲವೂ. ಅವರಿಗೆ ಗೊತ್ತಿರಲಿಲ್ಲ. ಅವರ ಕೈ ಆಗಲೇ ಹೋಗಿದ್ದವು. ಆಸ್ಪತ್ರೆಯ ಕಾಗದದಲ್ಲಿ ದಿನಾಂಕ ಇದೆ."

ಶಶಿಕಲಾ ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಎರಡು ಪುಟವಾಯಿತು. ಪ್ರತಿ ಪುಟ ಓದಿ ತೋರಿಸಿ ಸಹಿ ಹಾಕಿಸಿದರು. ಬಂಧಿಸಲಿಲ್ಲ, ಕರೆದಾಗ ಬರಬೇಕೆಂದು ನೋಟಿಸು ಕೊಟ್ಟರು. ದೂರುದಾರರಿಗೆ ಇದನ್ನು ತಿಳಿಸಬೇಕಾಗುತ್ತದೆ ಎಂದರು. ಒಂದು ದಿನ ತಡೆಯಿರಿ, ನಾನೇ ಹೇಳುತ್ತೇನೆ ಎಂದು ಕೇಳಿಕೊಂಡೆ. ಅವರು ಗೋಡೆಯ ಗಡಿಯಾರ ನೋಡಿ, ನಾಳೆ ಸಂಜೆ ಐದರವರೆಗೆ ತಮಗೆ ಬೇರೆ ಕೆಲಸ ಬಹಳ ಇದೆ ಎಂದರು.

ಹೊರಗೆ ಬಂದಾಗ ದಾವಲ್ ಬೀ ಬಾಟಲಿ ಕೊಟ್ಟರು. "ಇಷ್ಟೊತ್ತು ಕೂಡಿಸಿಕೊಂಡು ಒಂದು ಕಪ್ಪ ಚಾ ಕೊಡಲಿಲ್ಲ ನೋಡು ಮಂದಿ" ಎಂದರು. ನನಗೆ ನಗು ಬಂತು. ಒಂದು ತಿಂಗಳ ಮೇಲೆ.

ಮರುದಿನ ಬೆಳಿಗ್ಗೆ ಪಂಪು ಎತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದೆ. ಎರಡು ವರ್ಷದ ಹಿಂದೆ ಗುರು ಅದನ್ನು ತಂದಿದ್ದ. ನಮ್ಮ ಮೂಲೆಯ ಸೈಕಲ್ ಅಂಗಡಿ ಮುಚ್ಚಿದಾಗ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ನನಗೆ ಉಚಿತ ಟಿಕೀಟು ಹರಿದುಕೊಟ್ಟು, ಪಂಪಿನ ಕಡೆ ನೋಡಿದ. "ಗಾಡಿ ಪಂಚರಾದ್ರ ನಿಮಗಽ ಕರೀತೀನ್ರಿ ಅಕ್ಕಾರ" ಎಂದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ಯಾರಿಗೂ ನನ್ನ ವಿಷಯ ಗೊತ್ತಿರಲಿಲ್ಲ. ಅದು ಹಿತವಾಗಿತ್ತು.

ಬೇಕೆಂದೇ ಫೋನ್ ಮಾಡದೆ ಹೊರಟಿದ್ದೆ. ಎಂಟೂವರೆಗೆ ತಲುಪಿದಾಗ ಮನೆ ಮಡಿಯಲ್ಲಿತ್ತು. ಪಂಪನ್ನು ಹೊಸ್ತಿಲ ಹೊರಗೆ ಗೋಡೆಗೆ ಒರಗಿಸಿದೆ. ತುಂಗಾಬಾಯಿ ಕಾಕು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು ದೂರದಿಂದಲೇ ಕೈ ಅಡ್ಡ ಮಾಡಿದರು.

"ಅಲ್ಲೇ ಕೂಡು ವೇದಾ, ಮುಟ್ಟಬ್ಯಾಡ. ಅಳೋದಿದ್ರ ಹನ್ನೊಂದರ ಮ್ಯಾಲೆ ಇಬ್ಬರೂ ಕೂಡಿ ಅಳೂಣು."

ಪಡಸಾಲೆಯಲ್ಲಿ ಕೂತೆ. ಎದುರಿಗೆ ಮಣೆ. ಮಣೆಯ ಮೇಲೆ ಫೋನು. ಒಳಗಿನಿಂದ ಕಾಕಾನ ಮಂತ್ರ, ಗಂಟೆ. ಅರ್ಧ ಗಂಟೆ ಕಳೆದಿರಬೇಕು, ಫೋನು ರಿಂಗಾಯಿತು. ನಾನು ಮುಟ್ಟಲಿಲ್ಲ. ಮಂತ್ರ ನಿಂತಿತು. ಮಡಿ ಪಂಚೆಯಲ್ಲಿ ಕಾಕಾ ದೇವರಮನೆಯಿಂದ ಹೊರಗೆ ಬಂದರು, ನಡೆಯುತ್ತ ಅಲ್ಲ, ಹೆಚ್ಚುಕಡಿಮೆ ಓಡುತ್ತ. ಬಗ್ಗಿ ಫೋನ್ ಎತ್ತಿದರು.

"ಹಲೋ. ಯಾರು? ಬ್ಯಾಡಪಾ, ಹೊಸಾ ಕಾರ್ಡು ಬ್ಯಾಡ. ಇದ್ದದ್ದಽ ಸಾಕಾಗೇದ."

ಇಟ್ಟರು. ಆಗ ನನ್ನನ್ನು ನೋಡಿದರು. ಹಿತ್ತಲ ಬಚ್ಚಲಿನ ಕಡೆ ನಡೆದರು. ಮೈಮೇಲೆ ನೀರು ಹಾಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕಾಕಾ ನಿವೃತ್ತರಾದಾಗಿನಿಂದ ಈ ಮನೆಯಲ್ಲಿ ಹನ್ನೊಂದರೊಳಗೆ ಫೋನು ಎತ್ತಿದವರಿಲ್ಲ.

"ಹಿಂಗಽ ನೋಡು ನಿಮ್ಮ ಕಾಕಾಂದು" ಎಂದರು ಕಾಕು, ಬಾಗಿಲಲ್ಲಿ ನಿಂತು. "ರಾಯಚೂರಿನಿಂದ ಬಂದಾಗಿಂದ ದಿನಾ ಎರಡು ಸಲ, ಮೂರು ಸಲ ಸ್ನಾನ. ಯಾರ ಫೋನ್ ಬಂದ್ರೂ ಎತ್ತತಾರ. ಥಂಡಿ ಆಗತದ ಬಿಡ್ರಿ ಅಂದ್ರ ಕೇಳಂಗಿಲ್ಲ. ವೇದಾಂದು ಬರಬಹುದು, ಒಮ್ಮೆ ಎತ್ತಲಿಲ್ಲ, ಇನ್ನೊಮ್ಮೆ ಹಂಗಾಗಬಾರದು ಅಂತಾರ."

ನಾನು ಎದ್ದು ಹಿತ್ತಲಿಗೆ ಹೋದೆ. ಕಾಕಾ ಬಚ್ಚಲ ಕಲ್ಲಿನ ಹತ್ತಿರ ತಂಬಿಗೆ ಹಿಡಿದು ನಿಂತಿದ್ದರು. ಹತ್ತು ಅಡಿ ದೂರದಿಂದಲೇ ಹೇಳಿದೆ. ಹನ್ನೊಂದರವರೆಗೆ ಕಾದಿದ್ದರೆ ಮತ್ತೆ ಬಾಯಿ ಕಟ್ಟುತ್ತಿತ್ತು.

"ಕಾಕಾ, ಗುರು ಅಲ್ಲ. ನಾನು. ನಾಲ್ಕು ಸಲ ಫೋನ್ ಮಾಡಿದ ದಿನ. ಆಮೇಲೆ ಇನ್ನೆರಡು ಸಲ, ಫೋನ್ ಮಾಡದಽ. ಅವಗ ಗೊತ್ತಿರಲಿಲ್ಲ."

ಕಾಕಾ ತಂಬಿಗೆ ಕೆಳಗಿಡಲಿಲ್ಲ.

"ಗೊತ್ತದ" ಎಂದರು.

ಹದಿಮೂರರ ದಿನ ಬಸ್ಸಿನಲ್ಲಿ ಕೂತಾಗಲೇ ಹೊಳೆಯಿತಂತೆ. ಅವರೇ ಗಂಜಿ ಉಣಿಸಿದ್ದರು. ಚಮಚ ಹಿಡಿಯಲಾಗದ ಕೈ ಫೋನು ಹೇಗೆ ಒತ್ತುತ್ತದೆ. ಮನೆಗೆ ಬಂದು ತಮ್ಮ ಫೋನಿನಲ್ಲಿ ಆ ನಾಲ್ಕು ಕರೆಗಳ ದಿನಾಂಕ ನೋಡಿದರು. ಬ್ಯಾಂಕಿನ ಕಾಗದದಲ್ಲಿದ್ದ ಮೊದಲ ದಿನಾಂಕವೂ ಅದೇ.

"ಪೊಲೀಸರಿಗೆ ನಾ ಹೇಳಲಿಲ್ಲ. ನೀನಾಗಿ ಹೇಳತೀಯೇನೋ ಅಂತ ದಾರಿ ನೋಡಲಿಕ್ಕತ್ತಿದ್ದೆ."

"ಹೇಳದಽ ಇದ್ರ?"

"ಹೇಳದಽ ಇದ್ರ ಅವನ ಹೆಸರು ಹಂಗಽ ಉಳೀತಿತ್ತು. ನಾನೂ ಸುಮ್ಮನಿರತಿದ್ದೆ. ಸತ್ತವನ ಹೆಸರಿಗಾಗಿ ಇದ್ದಾಕಿನ ಜೇಲಿಗೆ ಕಳಿಸಲಿಕ್ಕೆ ನನ್ನ ಕೈಲೆ ಆಗತಿರಲಿಲ್ಲ."

ನಿನ್ನೆ ಠಾಣೆಯಲ್ಲಿ ಬರೆದುಕೊಟ್ಟು ಬಂದೆ ಎಂದೆ. ನನ್ನ ಹೆಸರಿನಲ್ಲಿ. ಆಗ ಮಾತ್ರ ಅವರು ತಂಬಿಗೆ ಕಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ತೆರೆದಾಗ ಮುಖ ಮೊದಲಿನಂತೆ ಆಗಿತ್ತು, ಹುಡುಗರ ಚಿತ್ರಗಳಿಗೆ ಅಂಕ ಹಾಕುವ ಮಾಸ್ತರರ ಮುಖ.

"ಸಿಟ್ಟು ಬಂದಿತ್ತು ನಿನ್ನ ಮ್ಯಾಲೆ. ಇನ್ನೂ ಅದ. ಹೋಗತದ ನಿಧಾನಕ್ಕ. ಊಟ ಮಾಡಿ ಹೋಗು."

ತಲೆಯ ಮೇಲೆ ನೀರು ಸುರಿದುಕೊಂಡರು.

ಕೇಸಿನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಮುಗಿದಿಲ್ಲ. ಆರೋಪ ಪಟ್ಟಿ ಸಲ್ಲಿಕೆಯಾಗಿದೆ. ಅದರಲ್ಲಿ ಒಂದೇ ಹೆಸರಿದೆ, ನನ್ನದು. ರಾಜಿಗೆ ತಮ್ಮ ಒಪ್ಪಿಗೆ ಇದೆ ಎಂದು ಕಾಕಾ ನ್ಯಾಯಾಧೀಶರ ಮುಂದೆ ನಿಂತು ಹೇಳಿದ್ದಾರೆ. ಬರುವ ಲೋಕ ಅದಾಲತ್ತಿನಲ್ಲಿ ಆಗಬಹುದು ಎಂದು ವಿರೂಪಣ್ಣ ಹೇಳುತ್ತಾರೆ, ನನ್ನ ಮಾತು ಕೇಳಿದ್ದರೆ ಇಷ್ಟು ತಿರುಗುವುದಿರಲಿಲ್ಲ ಎಂದೂ ಹೇಳುತ್ತಾರೆ. ದುಡ್ಡನ್ನು ತಿಂಗಳು ತಿಂಗಳು ತೀರಿಸುತ್ತಿದ್ದೇನೆ. ಕಾಕಾ ಬೇಡ ಎನ್ನಲಿಲ್ಲ. ಅನ್ನದಿದ್ದದ್ದು ಒಳ್ಳೆಯದಾಯಿತು. ಪಂಪಾಪತಿಯವರು ಎರಡನೆಯ ಪೀರಿಯಡ್ಡನ್ನು ನನಗೇ ಬಿಟ್ಟಿದ್ದಾರೆ. ಬ್ಯಾಂಕಿನಲ್ಲಿ ಕಾಕಾ ಈಗ ತಮ್ಮ ಸ್ವಂತ ನಂಬರು ಬರೆಸಿದ್ದಾರೆ.

ಆ ದಿನ ಹನ್ನೊಂದಕ್ಕೆ ಬದಲು ಹನ್ನೆರಡೂವರೆಗೆ ನೈವೇದ್ಯವಾಯಿತು. ಕಾಕು ಹೆಸರುಬೇಳೆ ತೊವ್ವೆ, ಬದನೆಕಾಯಿ ಪಲ್ಯ ಮಾಡಿದ್ದರು. ಬಡಿಸುತ್ತ ಅತ್ತರು. ನಾನೂ ಅತ್ತೆ. ಹೇಳಿದಂತೆ ಇಬ್ಬರೂ ಕೂಡಿ. ಕಾಕಾ ಕೇಳದವರಂತೆ ಊಟ ಮಾಡಿದರು.

ಹೊರಡುವಾಗ ಹೊಸ್ತಿಲ ಹೊರಗಿದ್ದ ಪಂಪು ತಂದು ಅವರ ಮುಂದೆ ಹಿಡಿದೆ. ಈಗ ಅವರು ಮುಟ್ಟಬಹುದಿತ್ತು.

"ಇದು ನಿಮ್ದು ಕಾಕಾ. ಗುರು ತಂದಿದ್ದ."

ಕಾಕಾ ತೆಗೆದುಕೊಂಡರು. ಕೊಳವೆಯ ತುದಿಗೆ ಅಂಗೈ ಒತ್ತಿ ಹಿಡಿಕೆಯನ್ನು ಒಮ್ಮೆ ಎಳೆದು ಬಿಟ್ಟರು. ಗಾಳಿ ಚೆನ್ನಾಗಿ ಬಂತು. ಎಣ್ಣೆ ಹಾಕಿ ಇಟ್ಟಿದ್ದಾನೆ ಎಂದರು. ಹೌದು, ತಿಂಗಳಿಗೊಮ್ಮೆ ಹಾಕುತ್ತಿದ್ದ. ತಾವೇ ಬರೆದ ಕೆಂಪು ಅಕ್ಷರದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಅವ ಕೇಳಿ ಒಯ್ದಿದ್ದ" ಎಂದರು.

"ಹೂಂ" ಎಂದೆ. "ಕೇಳಿ ಒಯ್ದಿದ್ದ."

ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ಅದರ ಕೆಳಗೆ ಸುಣ್ಣ ಪಂಪಿನ ಆಕಾರದಲ್ಲಿ ಬೆಳ್ಳಗೆ ಉಳಿದಿತ್ತು. ಕಾಕಾ ಪಂಪನ್ನು ಮತ್ತೆ ನನ್ನ ಕೈಗೆ ಕೊಟ್ಟು ಆ ಕಡೆ ತೋರಿಸಿದರು. ನಾನು ಕಟ್ಟೆ ಹತ್ತಿ ಅದನ್ನು ಮೊಳೆಗೆ ತೂಗುಹಾಕಿದೆ.